ಸೋನಿಗೆ ಬಂದ ಶುಗರ್

ಹುಲಸೂರ ರಸ್ತೆಗೆ ಹತ್ತಿದ ಊರಿನ ಪಂಡರಿಗೆ ಎಮ್ಮೆ ಮೂರು, ಬೈಕು ಒಂದು, ಹೊಟ್ಟೆ ಒಂದು. ಮನೆಯ ಬಾಗಿಲು ಮೊದಲು ದಾಟುತ್ತಿದ್ದುದು ಹೊಟ್ಟೆ, ಅದರ ಹಿಂದೆ ಪಂಡರಿ.

ದಿನಾ ಬೆಳಿಗ್ಗೆ ಬೈಕಿಗೆ ಕ್ಯಾನು ಕಟ್ಟಿಕೊಂಡು ಬಸವಕಲ್ಯಾಣದ ಏಳು ಹೋಟೆಲಿಗೆ ಹಾಲು ಹಾಕುತ್ತಿದ್ದ. ಹಾಲು ತಂದವನಿಗೆ ಚಹಾ ಕೊಡದೆ ಕಳಿಸುವುದು ಹೋಟೆಲಿನವರಿಗೆ ಮರ್ಯಾದೆಯಲ್ಲ, ಕೊಟ್ಟ ಚಹಾ ಬೇಡವೆನ್ನುವುದು ಪಂಡರಿಗೆ ಮರ್ಯಾದೆಯಲ್ಲ. ಹೀಗಾಗಿ ಏಳು ಹೋಟೆಲು, ಏಳು ಚಹಾ. ತಾನು ಮಾರಿದ ಹಾಲನ್ನು ತಾನೇ ಸಕ್ಕರೆ ಹಾಕಿಸಿಕೊಂಡು ಕುಡಿದು ಬರುವ ಈ ವ್ಯಾಪಾರಕ್ಕೆ ಕೊನೆಗೆ ಹಬೀಬನ ಹೋಟೆಲಿನಲ್ಲಿ ಒಂದು ಪ್ಲೇಟು ಮಿರ್ಚಿ ಭಜಿಯ ಮಂಗಳಾರತಿ. ಊಟ ನೆನಪಾದಾಗ, ನಿದ್ದೆ ಮೊಬೈಲು ಬಿಟ್ಟಾಗ.

"ಒಂದು ಸಲ ಬಿಪಿ ನೋಡಿಸಿಕೋರಿ," ಎಂದು ಹೆಂಡತಿ ಜಿಜಾಬಾಯಿ ಹೇಳಿ ಹೇಳಿ ಸಾಕಾಗಿದ್ದಳು.

"ನನ್ನ ಬಿಪಿ ನನಗ ಗೊತ್ತದ. ಬಿ ಅಂದ್ರ ಭಜಿ, ಪಿ ಅಂದ್ರ ಪಾವ್."

ಹೀಗೆ ನಗಿಸಿದರೂ ಒಳಗೊಳಗೆ ಪಂಡರಿ ಹೆದರಿದ್ದ. ಎರಡು ತಿಂಗಳಿಂದ ಬಾಯಿ ಒಣಗುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಅವನ ನಿಜವಾದ ಚಿಂತೆ ಮಾತ್ರ ಆಷಾಢದ ದಿಂಡಿಯದು. ವಿಠ್ಠಲನ ಭಕ್ತರೆಲ್ಲ ಸೇರಿ ಊರಿಂದ ಪಂಢರಪುರಕ್ಕೆ ಹತ್ತು-ಹನ್ನೆರಡು ದಿನದ ನಡಿಗೆ. ಹತ್ತೊಂಬತ್ತು ವರ್ಷ ಪತಾಕೆ ಹಿಡಿದು ಎಲ್ಲರಿಗಿಂತ ಮುಂದೆ ನಡೆದವನು ಹೋದ ವರ್ಷ ಎರಡನೇ ದಿನಕ್ಕೇ ಉಸಿರು ಸಾಲದೆ ಕೂತುಬಿಟ್ಟ. ಅಡುಗೆ ಸಾಮಾನಿನ ಟೆಂಪೋಕ್ಕೆ ಹತ್ತಿಸಿದರು. ಸಂಜೆ ಮುಕ್ಕಾಮಿನಲ್ಲಿ ಸಾಮಾನು ಇಳಿಸುವಾಗ ಯಾರೋ "ಕಡಾಯಿ, ಬಕೀಟು, ಪಂಡರಿ," ಎಂದು ಕೂಗಿದ್ದು ಇನ್ನೂ ಅವನ ಕಿವಿಯಲ್ಲಿತ್ತು. ಈಗ ಶುಗರ್ ಅಂತ ಗೊತ್ತಾದರೆ ದಿಂಡಿಯ ಮುಖ್ಯಸ್ಥ ಲಾಲಪ್ಪ ಊರ ಬಾಗಿಲಲ್ಲೇ ಟೆಂಪೋ ಹತ್ತಿಸುತ್ತಾನೆ. ಆಸ್ಪತ್ರೆಗೆ ಹೋಗುವಂತಿಲ್ಲ, ಹೋಗದೆ ಇರುವಂತಿಲ್ಲ.

ಯುಗಾದಿ ಮುಗಿದ ವಾರ ಪಂಡರಿ ಹೋದದ್ದು ದನದ ಡಾಕ್ಟರ ಹತ್ತಿರ.

"ಎಮ್ಮಿ ಎಲ್ಲದ?" ಎಂದರು ಪಶುವೈದ್ಯ ಅನೀಲಕುಮಾರ.

"ಮನ್ಯಾಗ ಅದರಿ ಸಾಬ್ರ. ನಮ್ಮ ಸೋನಿಗೆ ಆರಾಮಿಲ್ಲ. ಬಹಳ ನೀರು ಕುಡೀತಾಳ. ರಾತ್ರಿ ನಾಕು ಸಲ ಎದ್ದು ಹೊರಗ ಹೋಗ್ತಾಳ."

"ಎಮ್ಮಿ ಎದ್ದು ಹೊರಗ ಹೋಗ್ತದ?"

"ಅಂದ್ರ, ಕಟ್ಟಿದಲ್ಲೇ ಹೋಗ್ತಾಳ್ರಿ."

"ಮತ್ತ?"

"ಮೆಟ್ಟಲು ಹತ್ತಿದ್ರ ದಮ್ಮು ಹತ್ತತದ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಮ್ಮಿ ಮೆಟ್ಟಲು ಯಾಕ ಹತ್ತತದ ಪಂಡರಿ?"

"ಭಾಳ ಶಾಣ್ಯಾ ಎಮ್ಮಿ ಅದರಿ."

"ಹೌದಾ. ಇಂಥಾ ಎಮ್ಮಿ ನಾನು ಪುಸ್ತಕದಾಗೂ ಓದಿಲ್ಲ. ನಾಳೆ ನಾನೇ ಬಂದು ನೋಡ್ತೀನಿ."

ಮರುದಿನ ಡಾಕ್ಟರು ಹಟ್ಟಿಗೆ ಬಂದಾಗ ಸೋನಿ ಎಣ್ಣೆ ಸವರಿದ ಹಾಗೆ ಮಿಂಚುತ್ತ, ನಿಧಾನವಾಗಿ ಮೆಲುಕು ಹಾಕುತ್ತ ನಿಂತಿದ್ದಳು. ಪಂಡರಿ ಬೆವರುತ್ತ ನಿಂತಿದ್ದ.

"ಸೋನಿಗೆ ಏನಾಗ್ಯಾದ್ರಿ?" ಜಿಜಾಬಾಯಿಗೆ ಆಶ್ಚರ್ಯ. "ಐದಕ್ಕ ಎಬ್ಬಸ್ತೀವಿ, ನೀರು ತೋರಸ್ತೀವಿ. ಕೆರೆ ತನಕಾ ಅಡ್ಡಾಡಿ ಬರ್ತಾಳ. ಹೊತ್ತಿಗೆ ಸರಿಯಾಗಿ ಮೇವು. ಒಂದು ಹಿಡಿ ಹಿಂಡಿ ಜಾಸ್ತಿ ಆದ್ರ ಇವರು ನನ್ನ ಮ್ಯಾಲ ಒದರತಾರ. ಕತ್ತಲಾದ್ರ ಮಲಗ್ತಾಳ."

"ದಿನಾ ಎಷ್ಟು ಚಹಾ ಕುಡೀತಾಳ?" ಡಾಕ್ಟರು ಗಂಭೀರವಾಗಿ ಕೇಳಿದರು.

ಜಿಜಾಬಾಯಿ ಎಮ್ಮೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಅರ್ಥವಾಯಿತು. ಅವಳು ಅಣಕು ಮಾಡುವುದರಲ್ಲಿ ಮೊದಲೇ ಹುಷಾರು. ಸೆರಗು ಸಿಕ್ಕಿಸಿ, ಹೊಟ್ಟೆ ಮುಂದೆ ಚಾಚಿ, ಇಲ್ಲದ ಮೆಟ್ಟಿಲು ಹತ್ತುತ್ತ, "ಹಾ... ಹೂ... ಜಿಜಾ, ಒಂದು ತಂಬಿಗಿ ನೀರು ತಾ," ಎಂದು ಗೋಡೆ ಹಿಡಿದು ನಿಂತಳು. "ಈ ಎಮ್ಮಿನಾ ಸಾಬ್ರ?"

"ಇದೇ ಎಮ್ಮಿ," ಎಂದರು ಡಾಕ್ಟರು.

ಪಂಡರಿ ತಲೆ ತಗ್ಗಿಸಿ ದಿಂಡಿಯ ಸಂಗತಿ ಎಲ್ಲಾ ಹೇಳಿದ. "ನೀವೇ ಒಂದು ಗುಳಗಿ ಬರ್ಕೊಡ್ರಿ ಸಾಬ್ರ. ಯಾರಿಗೂ ಗೊತ್ತಾಗಲ್ಲ."

"ಎರಡು ಕಾಲಿನವರಿಗೆ ಗುಳಗಿ ಬರಿಯೋ ಹಕ್ಕು ನನಗಿಲ್ಲ. ಆಶಾ ಕಾರ್ಯಕರ್ತೆ ಕಾಂತಾಬಾಯಿ ಅವರನ್ನ ಕರೀರಿ," ಎಂದು ಹೇಳಿ ಡಾಕ್ಟರು ಹೊರಟರು.

ಕಾಂತಾಬಾಯಿ ಎರಡು ಮನೆಯಾಚೆ ಇದ್ದವಳು, ಬಂದಳು, ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ರಕ್ತ ನೋಡಿದರು, ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕಿದರು. ಶುಗರ್ ಇತ್ತು, ಬಿಪಿಯೂ ಇತ್ತು. ಅಲ್ಲಿನ ಡಾಕ್ಟರು ಗುಳಿಗೆ ಕೊಟ್ಟು, "ತಪ್ಪದೆ ತಗೋಬೇಕು. ಆದರೆ ಅರ್ಧ ಕೆಲಸ ಗುಳಿಗೆಯದು, ಇನ್ನರ್ಧ ನಿನ್ನದು," ಎಂದರು.

ವಾಪಸ್ ಬರುವ ದಾರಿಯಲ್ಲಿ ಪಂಡರಿ ಗೊಣಗಿದ. "ಭಜಿ ಬಂದ್, ಚಹಾ ಬಂದ್. ಹಿಂಗ ಬದುಕೋದ್ರಾಗ ಏನದ ಅಕ್ಕಾ?"

"ಸೋನಿ ಬದುಕ್ಯಾಳ ಇಲ್ಲ?" ಎಂದಳು ಕಾಂತಾಬಾಯಿ. "ಅಣ್ಣಾ, ನಾನು ಹೊಸಾದು ಏನೂ ಹೇಳಲ್ಲ. ಎಮ್ಮಿಗೆ ಮಾಡೋದು ನಿಮಗೂ ಮಾಡಿಕೋರಿ. ಎಮ್ಮಿ ಹೊತ್ತು ತಪ್ಪಿ ಉಣಲ್ಲ, ನೀವ್ಯಾಕ ತಪ್ಪಸ್ತೀರಿ? ಎಮ್ಮಿ ಮಲಗೋ ಮುಂದ ಮೊಬೈಲ್ ತಿಕ್ಕತದೇನು? ಸೋನಿ ಬಾಯಾಗ ಎಂದಾದ್ರೂ ಗುಟ್ಕಾ ಹಾಕೀರೇನು?"

"ಥೂ, ಹಾಲು ಕೆಡ್ತದ."

"ಹಾಲು ಕೆಡ್ತದ. ನೀವು ಕೆಡಲ್ಲ?"

ಪಂಡರಿ ಜೇಬಿನ ಮೇಲೆ ಕೈ ಇಟ್ಟುಕೊಂಡ. ಜೇಬಿನೊಳಗೆ ಎರಡು ಗುಟ್ಕಾ ಪುಡಿಕೆಗಳಿದ್ದವು.

ಮರುದಿನ ಐದಕ್ಕೆ ಜಿಜಾಬಾಯಿ ಸೋನಿಯನ್ನು ಎಬ್ಬಿಸುವಂತೆಯೇ ನಾಲಿಗೆಯಲ್ಲಿ ಲೊಚ್ ಲೊಚ್ ಎಂದು ಗಂಡನನ್ನು ಎಬ್ಬಿಸಿದಳು. "ಹೈ, ಏಳು... ಏಳ್ರಿ." ಮೊದಲು ನೀರು. ಆಮೇಲೆ ಎಮ್ಮೆಗಳ ಹಿಂದೆ ಕೆರೆಯ ತನಕ ನಡಿಗೆ, ಬೈಕಿಲ್ಲದೆ. ಹಾಲು ಹಾಕಿ ಬಂದ ಮೇಲೆ ಹೊತ್ತಿಗೆ ಸರಿಯಾಗಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ. ಉಪ್ಪಿನಕಾಯಿ ಗಡಿಗೆ ಅಟ್ಟ ಹತ್ತಿತು, ಗುಟ್ಕಾ ಪುಡಿಕೆ ತಿಪ್ಪೆ ಸೇರಿದವು. ಒಂಬತ್ತಾದರೆ ಮೊಬೈಲು ಜಿಜಾಬಾಯಿಯ ತಲೆದಿಂಬಿನ ಕೆಳಗೆ. ಮೊದಲ ದಿನ ಕೆರೆಯ ದಾರಿಯಲ್ಲಿ ಮೂರು ಸಲ ಕೂತ ಪಂಡರಿಯನ್ನು ಸೋನಿ ಮೂರು ಸಲವೂ ನಿಂತು ನೋಡಿದಳು.

ಐದನೇ ದಿನ ಹಬೀಬನ ಹೋಟೆಲಿನಲ್ಲಿ ಭಜಿ ಆಗತಾನೇ ಎಣ್ಣೆಯಿಂದ ಏಳುತ್ತಿತ್ತು. ಪಂಡರಿ ಕೂತ. ಒಂದು ಪ್ಲೇಟು ಹೋಗಿ ಎರಡಾಯಿತು, ಎರಡು ಚಹಾ. ಮನೆಗೆ ಬಂದು ಬಾಯಿ ಬಿಡುವ ಮೊದಲೇ ಜಿಜಾಬಾಯಿಗೆ ವಾಸನೆ ಹತ್ತಿತು.

"ಬಿಡು, ನನ್ನಿಂದ ಆಗಲ್ಲ," ಎಂದು ಅವನು ಹಟ್ಟಿಯಲ್ಲಿ ಕೂತುಬಿಟ್ಟ. "ಟೆಂಪೋನೇ ನನ್ನ ಹಣೆಬರಹ."

ಜಿಜಾಬಾಯಿ ಈ ಸಲ ಅಣಕು ಮಾಡಲಿಲ್ಲ. ಪಕ್ಕದಲ್ಲಿ ಕೂತಳು. "ಮೊನ್ನೆ ಸೋನಿ ಒದ್ದು ಒಂದು ಬಕೀಟು ಹಾಲು ಚೆಲ್ಲಿದಳಲ್ಲ, ಅವಳನ್ನ ಮಾರಿದ್ರೇನು?"

"ಇಲ್ಲ."

"ಸಂಜೀಕ ಮತ್ತ ಹಿಂಡಿದ್ರಿ. ಇದೂ ಹಂಗೇ. ಇವತ್ತಿಂದು ಚೆಲ್ಲೇದ. ನಾಳೆ ಐದಕ್ಕ ಏಳ್ರಿ."

ಮರುದಿನ ಐದಕ್ಕೆ ಎದ್ದ. ಹಾಲು ಹಾಕುವಾಗ ಹಬೀಬನಿಗೆ ಅಳುಕುತ್ತಲೇ ಹೇಳಿದ: "ಭಾಯಿ, ಇನ್ಮ್ಯಾಲ ಒಂದೇ ಚಹಾ. ಅದೂ ಫೀಕಾ, ಸಕ್ಕರೆ ಇಲ್ಲದ್ದು. ಭಜಿ ನನ್ನ ಕಣ್ಣಿಗೆ ಬೀಳಬಾರದು."

ಹಬೀಬ ಭಜಿಯ ಬುಟ್ಟಿಗೆ ಪೇಪರು ಮುಚ್ಚಿದ. "ಫೀಕಾನೇ ಕೊಡ್ತೀನಿ. ನೀನು ಮಲಗಿದ್ರ ನನಗ ಹಾಲು ಯಾರು ತರ್ತಾರ?" ಉಳಿದ ಆರು ಹೋಟೆಲಿಗೂ ಫೋನಿನಲ್ಲಿ ಸುದ್ದಿ ಮುಟ್ಟಿಸಿದವನು ಅವನೇ. ಅಲ್ಲೆಲ್ಲ ಪಂಡರಿಗೆ ಒಂದು ಲೋಟ ನೀರು ಕಾಯುತ್ತಿತ್ತು.

ಆಷಾಢ ಹತ್ತಿರ ಬಂತು. ದಿಂಡಿ ಹೊರಡುವ ಮುಂಜಾನೆ ಲಾಲಪ್ಪ ಟೆಂಪೋದ ಕಡೆ ಕೈ ತೋರಿಸಿದ. ಪಂಡರಿ ಗುಳಿಗೆಯ ಚೀಲವನ್ನೂ ಆರೋಗ್ಯ ಕೇಂದ್ರದ ಚೀಟಿಯನ್ನೂ ತೋರಿಸಿದ. ಶುಗರ್, ಬಿಪಿ ಎರಡೂ ಹತೋಟಿಯಲ್ಲಿವೆ, ಸುಸ್ತಾದಲ್ಲಿ ಕೂತು, ನೀರು ಕುಡಿದು, ಊಟ ತಪ್ಪಿಸದೆ ನಡೆಯಬಹುದು ಎಂದು ಡಾಕ್ಟರು ಬರೆದಿದ್ದರು. "ನನಗ ಶುಗರ್ ಅದ ಲಾಲಪ್ಪ. ಎಲ್ಲರಿಗೂ ಹೇಳು. ಪತಾಕೆ ಇತ್ತ ಕೊಡು."

ಎರಡನೇ ದಿನದ ಮುಕ್ಕಾಮು ಬಂತು, ಹೋಯಿತು. ಪಂಡರಿಯ ಕಾಲು ನಿಲ್ಲಲಿಲ್ಲ. ಮೂರನೇ ದಿನ ಮಧ್ಯಾಹ್ನ ಹಿಂದೆ ಗದ್ದಲವಾಯಿತು. ತಿರುಗಿ ನೋಡಿದರೆ ಟೆಂಪೋದಲ್ಲಿ ಕಡಾಯಿ, ಬಕೀಟು, ಲಾಲಪ್ಪ.

ಸಂಜೆ ಎಲ್ಲರೂ ಮಲಗಲು ಹೋದ ಮೇಲೆ ಲಾಲಪ್ಪ ಮೆಲ್ಲಗೆ ಪಂಡರಿಯ ಪಕ್ಕಕ್ಕೆ ಸರಿದ.

"ಪಂಡರಿ, ಒಂದು ಮಾತು. ನಮ್ಮ ಎಮ್ಮಿಗೆ ಯಾಕೋ ಬಹಳ ದಮ್ಮು ಹತ್ತಾಕತ್ಯಾದ. ಏನು ಮಾಡಬೇಕು?"

ಲಾಲಪ್ಪನ ಮನೆಯಲ್ಲಿ ಎಮ್ಮೆಯೇ ಇಲ್ಲ.

"ಊರಿಗೆ ಹೋದ ಕೂಡ್ಲೇ ಕಾಂತಾಬಾಯಿ ಅಕ್ಕನ ಕಡಿ ಕರ್ಕೊಂಡು ಹೋಗೋಣ," ಎಂದ ಪಂಡರಿ, ನಗದೆ. "ಎಮ್ಮಿ ಬ್ಯಾಡ. ನೀನು ಬಾ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಟ್ಟಿಯಲ್ಲಿ ಎಮ್ಮೆ ಇರಲಿ, ಇಲ್ಲದಿರಲಿ, ಎಮ್ಮೆಗೆ ಇರುವಷ್ಟು ಶಿಸ್ತು ನಿಮ್ಮ ಮೈಗೂ ಇರಲಿ. ಹೊತ್ತಿಗೆ ಊಟ, ದಿನಾ ಅರ್ಧ ಗಂಟೆ ನಡಿಗೆ, ಕಣ್ತುಂಬ ನಿದ್ದೆ. ಸಕ್ಕರೆ, ಉಪ್ಪು, ಎಣ್ಣೆಯ ಮೇಲೆ ಹಿಡಿತ. ಗುಟ್ಕಾಕ್ಕೆ ದೂರದಿಂದಲೇ ಕೈ ಮುಗಿಯಿರಿ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಶುರು ಮಾಡಿ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿಕೊಳ್ಳಿ. ಅಲ್ಲಿಗೆ ಹೋದಾಗ ಕಾಯಿಲೆಯನ್ನು ನಿಮ್ಮ ಹೆಸರಿನಲ್ಲೇ ಹೇಳಿ. ಪಾಪ, ಸೋನಿಯನ್ನು ಬಿಟ್ಟುಬಿಡಿ.