ವಾಡಿಯಲ್ಲಿ ಕೆಂಪು ಕಣ್ಣು

ವಾಡಿಯ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ, ಧರ್ಮಣ್ಣನ ಹೋಟೆಲಿನಲ್ಲಿ ಮಶಾಕನಿಗೆ ಗಾಜಿನ ಗ್ಲಾಸು ಬಿಟ್ಟು ಕಾಗದದ ಕಪ್ಪಿನಲ್ಲಿ ಚಹಾ ಬಂದ ಸೋಮವಾರಕ್ಕೆ ಒಂದು ಅಧ್ಯಾಯ ಮೀಸಲಿಡಬೇಕು. ಧರ್ಮಣ್ಣ ಮುಖ ತಿರುಗಿಸಿಕೊಂಡೇ ಕಪ್ಪು ಚಾಚಿದ. ಬೆಂಚಿನ ಮೇಲಿದ್ದವರಿಗೆಲ್ಲ ಒಮ್ಮೆಲೇ ಬೇರೆ ಕೆಲಸ ನೆನಪಾಯಿತು.

ಮಶಾಕ ಮನೆಗಳಿಗೆ ಸುಣ್ಣ ಹೊಡೆಯುವವನು. ಹೋದ ವರ್ಷ ಸುಣ್ಣ ಅರಳಿಸುವಾಗ ಕೊತಕೊತ ಕುದ್ದು ಬಲಗಣ್ಣಿಗೆ ಸಿಡಿದಿತ್ತು. ಕರಿಗುಡ್ಡೆಯ ಮೇಲೆ ಬಿಳಿ ಪೊರೆ ಹಬ್ಬಿ ಆ ಕಡೆಯ ಲೋಕ ಮುಚ್ಚಿಹೋಗಿತ್ತು. ಹೈದರಾಬಾದಿನ ಡಾಕ್ಟರು ಪೊರೆ ಬಿಡಿಸಿ, ಒಳ್ಳೆಯ ಕಣ್ಣಿನ ಅಂಚಿನಿಂದ ಎಳ್ಳಿನಷ್ಟು ಚೂರು ತೆಗೆದು, ಅದನ್ನು ಮತ್ತೂ ಸಣ್ಣಗೆ ಹೆಚ್ಚಿ, ಕೆಟ್ಟ ಕಣ್ಣಿನಲ್ಲಿ ನೆಟ್ಟಿದ್ದರು. ಅದರೊಳಗಿನ ಕಾಂಡಕೋಶಗಳು ಬೆಳೆದು ಹೊಸ ಪದರ ಕಟ್ಟುತ್ತವಂತೆ. ಎರಡು ತಾಸಿಗೊಮ್ಮೆ ಔಷಧದ ಹನಿ ಬೀಳಬೇಕು, ತಪ್ಪಿದರೆ ನೆಟ್ಟದ್ದು ಉಳಿಯುವುದಿಲ್ಲ, ಹಾಕುವವರು ಯಾರಾದರೂ ಇದ್ದಾರೆಯೇ ಎಂದು ಡಾಕ್ಟರು ಕೇಳಿದಾಗ ಮಶಾಕ ಇದ್ದಾರೆ ಎಂದಿದ್ದ. ಒಬ್ಬನೇ ಇರುವ ಅವನ ಮನಸ್ಸಿನಲ್ಲಿದ್ದುದು ಇಡೀ ಓಣಿ.

ಆದರೆ ಆಪರೇಷನ್ನಿನಿಂದಾಗಿ ಎರಡೂ ಕಣ್ಣು ಕೆಂಪಗಿದ್ದವು. ಕೆಂಪು ಕಣ್ಣನ್ನು ನೋಡಿದವರಿಗೂ ಕಣ್ಣುಬೇನೆ ಬರುತ್ತದೆಂಬುದು ಓಣಿಗೆಲ್ಲ ಗೊತ್ತಿರುವ ವೈದ್ಯಶಾಸ್ತ್ರ. ಮಶಾಕ ಆಪರೇಷನ್ನಿನ ಕತೆಯನ್ನು ಮೊದಲಿನಿಂದ ಕಡೆತನಕ ಹೇಳಿದ. ಧರ್ಮಣ್ಣ ಒಲೆಯನ್ನೇ ನೋಡುತ್ತ ಕೇಳಿ, ತೀರ್ಪು ಕೊಟ್ಟ.

"ಒಂದು ಕಣ್ಣಿಂದು ಇನ್ನೊಂದು ಕಣ್ಣಿಗಿ ಹತ್ತತದ ಅಂತ ಡಾಕ್ಟರೇ ಅಂದಾರಂದ್ರ, ನಾ ಹೆದರಿದ್ದು ತಪ್ಪೇನದ ಮಶಾಕಭಾಯಿ?"

ಮಶಾಕ ಕಾಗದದ ಕಪ್ಪನ್ನು ಅಲ್ಲೇ ಇಟ್ಟು ಮನೆಗೆ ಬಂದ. ಬಂದು ಹನಿ ಹಾಕೆಂದು ಚಿಂಚೋಳಿಯಲ್ಲಿರುವ ತಂಗಿ ಅಮೀರ್ಬೀಗೆ ಫೋನು ಮಾಡಿದ. ಆಕೆ ಅತ್ತಳು, ದುವಾ ಮಾಡುತ್ತೇನೆಂದಳು, ಕೆಂಪು ಇಳಿದ ಮೇಲೆ ಖಂಡಿತ ಬರುತ್ತೇನೆಂದಳು.

ಕಡೆಗೆ ತಾನೇ ಹಾಕಿಕೊಳ್ಳತೊಡಗಿದ. ಬಾಟಲಿ ಕಂಡೊಡನೆ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಹನಿ ಗಲ್ಲಕ್ಕೆ ಬಿತ್ತು, ಕಿವಿಗೆ ಬಿತ್ತು, ಗುಣವಾಗುತ್ತಿದ್ದುದು ದಿಂಬೊಂದೇ. ಮಾತಿಗೆ ಬೇರೆ ಯಾರೂ ಇಲ್ಲದ್ದರಿಂದ ರೆಪ್ಪೆಯನ್ನೇ ಬೈದ.

ಬೈಗುಳ ಕೇಳಿ ಬಾಗಿಲಿಗೆ ಬಂದವನು ಭೀಮಾಶಂಕರ, ರೈಲಿನಲ್ಲಿ ಶೇಂಗಾ ಮಾರುವ ಹುಟ್ಟುಕುರುಡ. ದೂರ ಇರು, ಕಣ್ಣು ಕೆಂಪಾಗ್ಯಾವ ಅಂತ ಜನ ಹೆದರಲಿಕತ್ತಾರ ಎಂದು ಮಶಾಕನೇ ಎಚ್ಚರಿಸಿದ.

"ನನಗ ಇನ್ನೇನ್ ಬರೋದದ ಮಾರಾಯಾ, ಸರಿ ಅತ್ಲಾಗ."

"ಮೊದಲ ಕೈ ತೊಳಕೊ. ಶೇಂಗಾದ ಉಪ್ಪದ."

ಭೀಮಾಶಂಕರ ಸಬಕಾರ ಹಚ್ಚಿ ತೊಳೆದುಕೊಂಡು ಬಂದು, ಹುಬ್ಬು ತಡವಿ ರೆಪ್ಪೆ ಹುಡುಕಿ, ಅಗಲಿಸಿ ಹಿಡಿದ. ಮಶಾಕ ಬಾಟಲಿ ಒತ್ತಿದ. ಹನಿ ಕಣ್ಣೊಳಗೇ ಬಿತ್ತು. ಆ ಕೋಣೆಯಲ್ಲಿ ಮನುಷ್ಯರ ಕೈ ಅವನ ಮುಖ ಮುಟ್ಟಿ ಬಹಳ ಕಾಲವಾಗಿತ್ತು. ಹನಿ ಬಿದ್ದ ಮೇಲೂ ಬಿಡು ಎನ್ನಲಿಲ್ಲ.

ಅಂದಿನಿಂದ ಭೀಮಾಶಂಕರ ಎರಡು ಗಾಡಿಗಳ ನಡುವೆ ಬಿಡುವಿದ್ದಾಗ ಬರುತ್ತಿದ್ದ, ಗಾಡಿಯ ಹೊತ್ತಿಗೆ ಎದ್ದು ಹೋಗುತ್ತಿದ್ದ. ಉಳಿದ ಹನಿಗಳು ಮೊದಲಿನಂತೆ ದಿಂಬಿಗೆ.

ಮುಂದಿನ ತಪಾಸಣೆಗೆ ಮಶಾಕ ಒಬ್ಬನೇ ಹೋದ. ಡಾಕ್ಟರು ಬೆಳಕು ಬಿಟ್ಟು ನೋಡಿ, ನೆಟ್ಟದ್ದು ಕೆಲವು ಕಡೆ ಹಿಡಿದಿದೆ, ಕೆಲವು ಕಡೆ ಹಿಡಿದಿಲ್ಲ ಎಂದರು. ಬಲಗಣ್ಣಿಗೆ ಅಕ್ಷರಗಳ ಚಾರ್ಟಿನ ಮೇಲಿನ ಮೂರು ಸಾಲು ಕಂಡವು. ಕೆಳಗಿನವು ಕಾಣಲಿಲ್ಲ.