ಇಳಸು ಅನ್ನುವ ತನಕ

ತಲೆ ಒತ್ತಿದರೆ ಕಾಲು ಮೇಲೇಳುತ್ತಿತ್ತು, ಕಾಲು ಒತ್ತಿದರೆ ತಲೆ. ಮಯ್ಯತ್ತಿಗೆ ನೀರು ಹಾಕುವ ಹಲಗೆಯ ಮೇಲೆ ಸತ್ತ ಫಕ್ಕೀರಸಾಬನನ್ನು ನೆಟ್ಟಗೆ ಮಲಗಿಸಲು ಹೋಗಿ ಇಸ್ಮಾಯಿಲಸಾಬ ಪರದೆಯಾಚೆ ಬೆವತುಹೋಗಿದ್ದ.

“ಹನುಮಪ್ಪಾ, ಇವನ ನಡಾ ಹೆಂಗ ಚಾಚೂದೋ?”

“ಚಾಚಬ್ಯಾಡ ಮಾರಾಯಾ. ಹೆಂಗ ಅದಾನ ಹಂಗ ಇರ್ಲಿ ಬಿಡು,” ಅಂಗಳದಿಂದ ಹನುಮಪ್ಪ ಕೂಗಿದ. ಮೂವರೂ ಬ್ಯಾಡಗಿ ಪೇಟೆಯಲ್ಲಿ ಒಂದೇ ಕಾಲಕ್ಕೆ ಮೆಣಸಿನಕಾಯಿ ಚೀಲ ಹೊತ್ತ ಹಮಾಲರು.

ಒಳಗಿನ ಕೋಣೆಯಲ್ಲಿ ಫಕ್ಕೀರಸಾಬನ ಹೆಂಡತಿ ಮೈಮುನಾಬಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳು ಒಂದು ಗೋಣಿತಟ್ಟು ಮಡಚಿ ಪರದೆಯ ಕೆಳಗಿನಿಂದ ನೂಕಿದಳು.

“ತಲೀ ಕೆಳಗ ಇಡ್ರಿ. ಅವರು ಹಂಗ ಮಲಗ್ತಾರ.”

ಆಚೆಯಿಂದ ಒಂದು ಕೈ ಅದನ್ನು ಎಳೆದುಕೊಂಡಿತು. ಆಮೇಲೆ ನೀರು ಸುರಿಯುವ ಸದ್ದು ಬಂತು.

ಗಂಡ ನೆಟ್ಟಗೆ ನಿಂತದ್ದನ್ನು ಮೈಮುನಾಬಿ ಒಂದು ದಿನವೂ ಕಂಡವಳಲ್ಲ. ನಿಕಾಹವಾಗಿ ಬಂದಾಗಲೇ ಅವನು ಕೋಲೂರಿ ಬಗ್ಗಿ ನಡೆಯುತ್ತಿದ್ದ. ಒಂದು ಕಾಲಕ್ಕೆ ಪೇಟೆಗೇ ಗಟ್ಟಿಯಾಗಿದ್ದ ಆಳು, ಹೆಂಗಸರ ಸಾಲಿನ ಕೊನೆಗೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ. ಹೆಂಗಸರು ನಕ್ಕರೆ ತಾನೂ ನಗುತ್ತಿದ್ದ. ಮನೆಗೆ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ.

*

ಅದು ನಿಕಾಹಕ್ಕೂ ಮೊದಲು, ಮೇಡ್ಲೇರಿಯ ಹೊಳೆದಂಡೆಯಲ್ಲಿ ಆದದ್ದು. ಎಲ್ಲಿಂದಲೋ ಸಿನಿಮಾ ಕಂಪನಿಯವರು ಬಂದು ಠಿಕಾಣಿ ಹೂಡಿದ್ದರು. ಉಸುಕಿನಲ್ಲಿ ಹೂತ ಚಕ್ಕಡಿಯನ್ನು ಚಿತ್ರದ ನಾಯಕ ಒಬ್ಬನೇ ಎತ್ತಬೇಕು. ನಾಯಕನಿಗೋ ಮಾರಿ ಚೆಂದವಿತ್ತು, ತೋಳಿನಲ್ಲಿ ಕಸುವಿರಲಿಲ್ಲ. ಯಾರೋ ಫಕ್ಕೀರಸಾಬನ ಹೆಸರು ಹೇಳಿದರು. ಅವನೂ ಹನುಮಪ್ಪನೂ ಹಬ್ಬಕ್ಕೆ ಹೊರಟವರಂತೆ ಹೊರಟರು.

ಅಂಗಿ ಬಿಚ್ಚಿಸಿ, ನಾಯಕನ ಜರಿ ರುಮಾಲನ್ನು ಇವನ ತಲೆಗೆ ಸುತ್ತಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಲ್ಲಿಸಿದರು. ಫಕ್ಕೀರಸಾಬ ಬಿಸ್ಮಿಲ್ಲಾ ಅಂದು ಚಕ್ಕಡಿಗೆ ಭುಜ ಕೊಟ್ಟ. ಗಾಲಿ ಉಸುಕಿನಿಂದ ಮೇಲೆದ್ದವು. ದಂಡೆಯ ಮೇಲೆ ನೆರೆದ ಮಂದಿ ಹೋ ಎಂದು ಕೂಗಿತು. ಕಂಪನಿಯವರು ತಮ್ಮ ಭಾಷೆಯಲ್ಲಿ ಏನೋ ಒದರಿ, ಕ್ಯಾಮೆರಾಕ್ಕೆ ಅರಿವೆ ಮುಚ್ಚಿ, ಚಹಾ ಕುಡಿಯಲು ಹೋದರು. ಕೆಲಸ ಮುಗಿದಿತ್ತು.

ಆದರೆ ಹೊತ್ತ ಭಾರವನ್ನು ತಾನಾಗಿ ಇಳಿಸುವುದು ಬ್ಯಾಡಗಿ ಹಮಾಲನಿಗೆ ಗೊತ್ತಿಲ್ಲ. ಪೇಟೆಯಲ್ಲಿ ಹಮಾಲರ ಮೇಲಿನ ಮುಕದ್ದಮ “ಇಳಸು” ಅನ್ನುವ ತನಕ ಚೀಲ ಬೆನ್ನ ಮೇಲೇ ಇರಬೇಕು. ಎಲ್ಲೆಂದರಲ್ಲಿ ಒಗೆದು ಒಂದು ಚೀಲ ಒಡೆದರೆ ಇಡೀ ಓಣಿ ಸಂಜೆತನಕ ಸೀನುತ್ತದೆ. ಫಕ್ಕೀರಸಾಬ ಆ ಮಾತಿಗಾಗಿ ಕಾಯುತ್ತ ನಿಂತ. ಅವನು ಮೋಜಿಗೆ ನಿಂತಿದ್ದಾನೆ ಎಂದುಕೊಂಡು ಹನುಮಪ್ಪ ದಂಡೆಯಿಂದ ಚಪ್ಪಾಳೆ ತಟ್ಟುತ್ತಿದ್ದ. ಓಡಿಬಂದು “ಇಳಸೋ!” ಅನ್ನುವಷ್ಟರಲ್ಲಿ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಹಾಳಾದ ಆ ಚಕ್ಕಡಿಗೆ ಏನೂ ಆಗಿರಲಿಲ್ಲ.

ಚಿತ್ರ ಹಾವೇರಿಗೆ ಬಂದಾಗ ಹಮಾಲರೆಲ್ಲ ಕೂಡಿ ಹೋಗಿ ನೋಡಿದರು. ಭುಜ ಕೊಡುವಾಗ ಫಕ್ಕೀರಸಾಬನ ಬೆನ್ನು, ತಿರುಗಿ ನಗುವಾಗ ನಾಯಕನ ಮಾರಿ. ಚಕ್ಕಡಿ ಎತ್ತಿದ್ದು ಅವನು, ನಡ ಮುರಿದದ್ದು ಇವನದು ಎಂದು ಊರು ನಕ್ಕಿತು. ಹನುಮಪ್ಪ ಸಾಕ್ಷಿ ಹೇಳಿದರೂ ಯಾರೂ ನಂಬಲಿಲ್ಲ.

*

ಈಗ ಮಹಾಯುದ್ಧದ ಕಾಲ. ಹೊಸ ಚಿತ್ರ ಸಿಗದೆ ಟೆಂಟ್ ಸಿನಿಮಾದವರು ಹಳೆಯವನ್ನೇ ಹೊತ್ತು ತಿರುಗುತ್ತಿದ್ದರು. ಹೀಗೆ ಈ ವಾರ ಆ ಚಿತ್ರ ಬ್ಯಾಡಗಿಗೇ ಬಂತು, ಮನೆಯ ಹಿಂದಿನ ಬಯಲಿಗೇ. ಜ್ವರದಲ್ಲಿ ಮಲಗಿದ್ದ ಫಕ್ಕೀರಸಾಬ ಸುದ್ದಿ ಕೇಳಿ ಎದ್ದು ಕುಳಿತಿದ್ದ.

“ನಾ ನೆಟ್ಟಗ ನಿಂತದ್ದು ನೀ ನೋಡೇ ಇಲ್ಲ ಮೈಮುನಾ. ಈ ಸಲ ತೋರಸ್ತೇನಿ. ಮಾರಿ ನೋಡಬ್ಯಾಡ, ಬೆನ್ನು ನೋಡು.”

ಇವತ್ತು ಬೇಡ, ಜ್ವರ ಇಳಿಯಲಿ, ನಾಳೆ ಹೋಗೋಣ ಎಂದು ಮೈಮುನಾಬಿಯೇ ತಡೆಯುತ್ತ ಬಂದಿದ್ದಳು. ಆ ನಾಳೆಯ ಬೆಳಗಿಗೆ ಅವನ ಉಸಿರು ನಿಂತಿತ್ತು.

*

“ಹೂಂ, ಎತ್ರಿ!” ಅಂದ ಇಸ್ಮಾಯಿಲಸಾಬ.

ಹಮಾಲರು ರೂಢಿಯಂತೆ ಕಾಲು ಅಗಲಿಸಿ, ಉಸಿರು ಕಟ್ಟಿ, ಚೀಲಕ್ಕೆ ಕೊಡುವ ಕಸುವನ್ನೇ ಕೊಟ್ಟರು. ಜನಾಜಾದ ಮಂಚ ಒಮ್ಮೆಲೇ ಚಿಮ್ಮಿ ಮೇಲೆದ್ದಿತು. ಇಸ್ಮಾಯಿಲಸಾಬ ಜೋಲಿ ಹೊಡೆದ.

“ಏನೂ ಇಲ್ಲಲ್ಲೋ ಇದರಾಗ!” ಹನುಮಪ್ಪನ ದನಿ ಒಡೆಯಿತು. “ಏನೂ ಉಳದಿಲ್ಲಲ್ಲೋ!”

ಅವನು ಎಲ್ಲರೆದುರಿಗೆ ಹೋ ಎಂದು ಅತ್ತ. ಕಿಟಕಿಯ ಸಂದಿನಿಂದ ನೋಡುತ್ತಿದ್ದ ಮೈಮುನಾಬಿಗೆ ಅಳು ಬರಲಿಲ್ಲ.

ಓಣಿಯ ತಿರುವಿನಲ್ಲಿ ಟೆಂಟಿನ ಜಾಹೀರಾತು ಗಾಡಿ ಎದುರಾಯಿತು. ಗಾಡಿಯ ಹಲಗೆಯ ಮೇಲೆ ಜರಿ ರುಮಾಲಿನ ನಾಯಕ ಹಲ್ಲು ಕಿಸಿಯುತ್ತಿದ್ದ. ಹಲಗಿ ಬಾರಿಸುವವನು ಜನಾಜಾ ಕಂಡು ಕೈ ನಿಲ್ಲಿಸಿದ, ಗಾಡಿ ಬದಿಗೆ ಸರಿಯಿತು. ಕಲಿಮಾದ ದನಿ ದೂರವಾದ ಮೇಲೆ ತಗಡಿನ ತುತ್ತೂರಿ ಮತ್ತೆ ಬಾಯಿ ತೆಗೆಯಿತು. “ಒಬ್ಬನೇ ಚಕ್ಕಡಿ ಎತ್ತೋ ಗಂಡುಗಲಿನ್ನ ನೋಡ್ರಿ! ಇವತ್ತ ಕಡೇ ಆಟಾ! ನಾಳೆ ಇಲ್ರೀ!”

“ಗುಲಾಬಬೀ,” ಮೈಮುನಾಬಿ ಪಕ್ಕದಲ್ಲಿ ಕುಳಿತಿದ್ದ ನಾದಿನಿಯ ಕೈ ಹಿಡಿದಳು. “ಬುರ್ಖಾ ಹಾಕ್ಕೊಂಡು, ಕಡೀಗೆ ನಿಂತು, ಅದೊಂದ ನೋಡಿ ಬರ್ತೇನಿ.”

“ಹುಚ್ಚ ಹಿಡದೈತೇನ ನಿನಗ? ಇನ್ನೂ ಮಣ್ಣ ಸೈತ ಆಗಿಲ್ಲ. ಗಂಡ ಸತ್ತು ಇದ್ದತ್ತಿಗೆ ಕುಂತಾಕಿ ಹೊಸ್ತಿಲಾ ದಾಟತಾಳೇನ? ಅದೂ ಸಿನೇಮಾಕ್ಕ?”

“ಸಿನೇಮಾಕ್ಕಲ್ಲ. ಅವರನ್ನ ನೋಡಾಕ.”

ಗುಲಾಬಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕುಳಿತಳು.

ಹೊತ್ತು ಮುಳುಗಿತು. ಬಯಲಿನಲ್ಲಿ ಯಂತ್ರ ಗುಡುಗುಡು ಅಂದಿತು, ಯಾರದೋ ಹಾಡು ತೇಲಿಬಂತು. ಮೈಮುನಾಬಿ ಹಿಂದಿನ ಗೋಡೆಗೆ ಕಿವಿ ಹಚ್ಚಿ ನಿಂತಳು. ನೀರು ಹಾಕುವಾಗ ತೊಯ್ದಿದ್ದ ಗೋಣಿತಟ್ಟು ಅವಳ ಕೈಯಲ್ಲಿತ್ತು. ಚಕ್ಕಡಿ ಎತ್ತುವ ಹೊತ್ತಿಗೆ ಇಡೀ ಟೆಂಟು ಸಿಳ್ಳೆ ಹೊಡೆಯುತ್ತದೆ ಎಂದು ಹನುಮಪ್ಪ ಎಷ್ಟೋ ಸಲ ಹೇಳಿದ್ದ.

ಹಾಡು ನಿಂತಿತು. ಆಮೇಲೆ ಬಯಲಿಗೆ ಬಯಲೇ ಸಿಳ್ಳೆ ಹೊಡೆಯಿತು.

“ಇಳಸ್ರಿ,” ಮೈಮುನಾಬಿ ಗೋಡೆಗೆ ಹೇಳಿದಳು.

ಸಿಳ್ಳೆ ಇನ್ನೂ ಜೋರಾಯಿತು.

“ಸಾಕ್ರೀ, ಇಳಸ್ರಿ.”