ಅಪ್ಪ ಬಿಗಿದ ಪಟ್ಟಿ

ನಲವತ್ತು ವರ್ಷ ಮರಗೆಲಸ ಮಾಡಿದ ಕೈಗೆ ಸುಮ್ಮನಿರು ಎಂದರೆ ಇರುತ್ತದೆಯೇ? ಬಡಗಿಯ ಶೆಡ್ಡಿನಲ್ಲಿ ಯಾರಿಗೇ ಉಳಿ ತಾಗಿ ರಕ್ತ ಬಂದರೂ ಒಂದೇ ಮದ್ದು: ಹಳೇ ಬಟ್ಟೆ ಹರಿದು ಗಟ್ಟಿಯಾಗಿ ಬಿಗಿದು ಮತ್ತೆ ಕೆಲಸಕ್ಕೆ ಕೂರುವುದು. ಮಗನಿಗಂತೂ ಚಿಕ್ಕಂದಿನಿಂದ ಎಷ್ಟು ಸಲ ಹಾಗೆ ಕಟ್ಟಿದ್ದನೋ.

ಆದರೆ ಗರಗಸದ ಯಂತ್ರ ಮಗನ ಬಲಗೈ ಹೆಬ್ಬೆರಳನ್ನು ಬುಡಸಮೇತ ನುಂಗಿದಾಗ ಕಟ್ಟುವುದಕ್ಕೆ ಏನೂ ಉಳಿದಿರಲಿಲ್ಲ. ಹೆಬ್ಬೆರಳಿಲ್ಲದವನು ಉಳಿ ಹಿಡಿಯುವುದು ಹೇಗೆ? ಮೂರು ತಿಂಗಳು ಮಗ ಮೂಲೆ ಹಿಡಿದ. ಕಾಲಿನ ಎರಡನೇ ಬೆರಳನ್ನು ತೆಗೆದು ಕೈಗೆ ಜೋಡಿಸಬಹುದು ಎಂದು ಡಾಕ್ಟರು ಹೇಳಿದಾಗ ಮನೆಯವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನು ನಿಮ್ಮ ಕೈಕುಲುಕಿದವರೆಲ್ಲ ಕಾಲು ಹಿಡಿದಂತೆಯೇ ಲೆಕ್ಕ ಎಂದು ಸೊಸೆ ಗಂಡನನ್ನು ಛೇಡಿಸಿದಳು. ಆ ಮೂರು ತಿಂಗಳಲ್ಲಿ ಅವನು ನಕ್ಕಿದ್ದು ಅದೊಂದೇ ಸಲ.

ಹತ್ತು ತಾಸಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಸಿಸ್ಟರ್ ಗಂಟೆಗೊಮ್ಮೆ ಬಂದು ಹೊಸ ಬೆರಳಿನ ಉಗುರು ಒತ್ತಿ ಬಿಡುವಳು. ಬೆಳ್ಳಗಾದದ್ದು ಮತ್ತೆ ಕೆಂಪೇರಿದರೆ ಬೆರಳು ಬದುಕಿದೆ ಎಂದರ್ಥ. ರಕ್ತ ಜಿನುಗಿದರೆ ಹೆದರಬೇಡಿ, ಮುಟ್ಟಬೇಡಿ, ನನ್ನನ್ನು ಕರೆಯಿರಿ ಎಂದು ಬಡಗಿಗೆ ಸಾರಿ ಸಾರಿ ಹೇಳಿದ್ದಳು.

ಮೂರನೇ ದಿನ ಮಧ್ಯಾಹ್ನ ಸಿಸ್ಟರ್ ನೋಡಿಹೋದ ಸ್ವಲ್ಪ ಹೊತ್ತಿಗೆ ಬಿಳಿ ಬ್ಯಾಂಡೇಜಿನ ಮೇಲೆ ಕೆಂಪು ಕಲೆ ಕಂಡಿತು. ನೋಡನೋಡುತ್ತ ಅಂಗೈಯಗಲವಾಗಿ ಹಾಸಿಗೆಗೂ ಇಳಿಯಿತು. ಸೂಜಿಮದ್ದಿನ ಮಂಪರಿನಲ್ಲಿ ಮಗನಿಗೆ ಎಚ್ಚರವಿಲ್ಲ. ಬಡಗಿ ಬಾಗಿಲಿಗೆ ಓಡಿ ಕರೆದ, ಯಾರೂ ಬರಲಿಲ್ಲ. ಮರಳಿ ಬಂದವನ ಕೈ ತಾನಾಗಿಯೇ ಕರವಸ್ತ್ರ ಹರಿಯಿತು, ಬೆರಳ ಬುಡಕ್ಕೆ ಸುತ್ತಿತು, ಜಗ್ಗಿ ಎರಡು ಗಂಟು ಹಾಕಿತು. ರಕ್ತ ನಿಂತಿತು. ಮಗನನ್ನು ಉಳಿಸಿದೆನೆಂದು, ಪಾಪ, ನಿಟ್ಟುಸಿರು ಬಿಟ್ಟು ಕುರ್ಚಿಯಲ್ಲೇ ತೂಕಡಿಸಿದ.

ಸಿಸ್ಟರ್ ಬಂದಾಗ ಬೆರಳು ನೇರಳೆಯಾಗಿತ್ತು. ಮತ್ತೆ ಆಪರೇಷನ್ ಕೋಣೆಗೆ ಒಯ್ದರು. ಪಟ್ಟಿಯ ಬಿಗಿತಕ್ಕೆ ನಾಳದೊಳಗೆ ಹೆಪ್ಪುಗಟ್ಟಿದ ರಕ್ತ ಪೂರ್ತಿ ಕರಗಲೇ ಇಲ್ಲ. ಎರಡು ದಿನದಲ್ಲಿ ಬೆರಳು ಕಪ್ಪಾಯಿತು, ತೆಗೆಯದೆ ವಿಧಿಯಿಲ್ಲ ಎಂದರು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು ಎನಿಸಿತು ಬಡಗಿಗೆ. ತನ್ನ ಕಾಲಿನ ಬೆರಳು ಎಷ್ಟು ಬೇಕಾದರೂ ತೆಗೆದುಕೊಳ್ಳಿ ಎಂದು ಅಂಗಲಾಚಿದ. ಬೇರೆಯವರ ಬೆರಳು ಮೈಗೆ ಒಗ್ಗುವುದಿಲ್ಲ ಎಂದರು. ಹೆತ್ತ ಅಪ್ಪ ಬೇರೆಯವನು ಹೇಗಾದಾನು ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

ಕೊನೆಗೆ ಮಗನ ಹತ್ತಿರವೇ ಬಂದು ಕೇಳಿದ. "ಅಷ್ಟು ಬಿಗಿದ್ರೂ ನಿಂಗೆ ನೋವಾಗ್ಲಿಲ್ವೇನೋ? ಒಂದ್ಸಲ ಅಪ್ಪಾ ಅಂದಿದ್ರೆ ಬಿಚ್ಚಿಬಿಡ್ತಿದ್ದೆ."

"ಇಲ್ಲಪ್ಪ," ಎಂದ ಮಗ. "ಆ ಬೆರಳಿಗೆ ನೋವು ಗೊತ್ತಾಗೋಕೆ ಇನ್ನೂ ಆರು ತಿಂಗಳು ಬೇಕು ಅಂದಿದ್ರು."

ಬಡಗಿ ಮಗನ ಕಾಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತ. ಆ ಕಾಲಿನಲ್ಲೂ ಈಗ ಒಂದು ಬೆರಳು ಇರಲಿಲ್ಲ.